ಹಬ್ಬದ ಎಲೆಯಲ್ಲಿ ಕಿಡ್ನಿ ರೋಗಿಯ ಪಾಲು

ಯುಗಾದಿಯ ದಿನ ಹೂರಣಕ್ಕಿಟ್ಟ ಬೇಳೆ ಬೆಂದ ಮೇಲೆ ಕಟ್ಟು ಬಸಿಯುತ್ತಾರೆ. ಬೇಳೆ ಒರಳಿಗೋ ಮಿಕ್ಸಿಗೋ ಹೋಗುತ್ತದೆ, ಕಟ್ಟು ಸಾರಾಗುತ್ತದೆ. ಹಳೆ ಮೈಸೂರಿನವರಿಗೆ ಅದು ಒಬ್ಬಟ್ಟಿನ ಸಾರು, ಉತ್ತರದ ಜಿಲ್ಲೆಗಳಲ್ಲಿ ಕಟ್ಟಿನ ಸಾರು. ಕಿಡ್ನಿ ಕಾಯಿಲೆಯವರಿದ್ದ ಮನೆಯಲ್ಲಿ ‘ಹೋಳಿಗೆ ಬೇಡ, ಸಾರು ಅನ್ನ ಉಣ್ಣಲಿ’ ಎನ್ನುವವರುಂಟು. ಪ್ರೀತಿಯಿಂದ ಆಡುವ ಈ ಮಾತು ತಿರುಗುಮುರುಗಾಗಿದೆ.

ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ. ಬೇಳೆ ಬೇಯುವಾಗ ಅದರ ದೊಡ್ಡ ಪಾಲು ಕಟ್ಟಿಗೆ ಇಳಿದಿರುತ್ತದೆ. ಹುಣಸೆಹಣ್ಣು, ಕಾಯಿ ಸೇರಿ ಇನ್ನಷ್ಟು ಏರುತ್ತದೆ. ಆರೋಗ್ಯವಂತರಲ್ಲಿ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಸೋತ ಕಿಡ್ನಿಗೆ ಆ ಶಕ್ತಿಯಿಲ್ಲ. ಒಂದು ಲೀಟರ್ ರಕ್ತದಲ್ಲಿ ಸುಮಾರು 3.5ರಿಂದ 5 ಮಿಲಿಮೋಲ್ ಇರಬೇಕಾದ ಪೊಟ್ಯಾಸಿಯಂ 6 ದಾಟಿದರೆ ಹೃದಯದ ಬಡಿತ ಏರುಪೇರಾಗಬಹುದು. ಎಷ್ಟೋ ಸಲ ಮುನ್ಸೂಚನೆಯೇ ಇರುವುದಿಲ್ಲ. ಹಾಗಾಗಿ ಕಟ್ಟು ಪೂರ್ತಿ ಬಸಿದ ಬೇಳೆಯ ಒಂದು ಸಣ್ಣ ಹೋಳಿಗೆ, ಬಟ್ಟಲು ತುಂಬ ಕುಡಿದ ಸಾರಿಗಿಂತ ಮೇಲು.

ಹೂರಣದ ಬೆಲ್ಲವನ್ನೂ ನೋಡಬೇಕು. ಬೆಲ್ಲದಲ್ಲಿ ಖನಿಜಾಂಶವಿದೆ ಎಂದು ನಾವು ಹೊಗಳುತ್ತೇವಲ್ಲ, ಆ ಖನಿಜಗಳಲ್ಲಿ ಮುಖ್ಯವಾದದ್ದು ಪೊಟ್ಯಾಸಿಯಮ್ಮೇ. ಬಿಳಿ ಸಕ್ಕರೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಸಕ್ಕರೆ ಹಾಕಿದ ರವೆಯ ಸಜ್ಜಕದ ಹೋಳಿಗೆ ಇಂಥವರಿಗೆ ಇನ್ನೂ ಒಳ್ಳೆಯದು. ಆದರೆ ಕಿಡ್ನಿ ಕೆಡುವುದಕ್ಕೆ ದೊಡ್ಡ ಕಾರಣವೇ ಸಕ್ಕರೆ ಕಾಯಿಲೆ. ಅದಿರುವವರಿಗೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ. ಅರ್ಧ ಹೋಳಿಗೆ ತಿಂದು, ಅಷ್ಟಕ್ಕೆ ಅನ್ನ ಕಡಿಮೆ ಮಾಡುವುದು ಲೇಸು.

ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಕಷ್ಟದ್ದು. ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ, ಐದರಲ್ಲೂ ಪೊಟ್ಯಾಸಿಯಂ ಉಂಟು. ಎಳ್ಳು ಮತ್ತು ಕಾಳುಗಳಲ್ಲಿ ರಂಜಕವೂ ಧಾರಾಳ. ರಂಜಕ ಪೊಟ್ಯಾಸಿಯಂನಂತೆ ದಿಢೀರನೆ ಹೊಡೆಯುವುದಿಲ್ಲ. ಮೈ ತುರಿಕೆ ತರುತ್ತದೆ, ಮೂಳೆ ಸವೆಸುತ್ತದೆ, ರಕ್ತನಾಳಗಳಲ್ಲಿ ಸುಣ್ಣ ಕಟ್ಟಿಸುತ್ತದೆ. ಎಳ್ಳು ಬೀರಲು ಬಂದವರ ಮನಸ್ಸು ನೋಯಿಸದೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಸಕ್ಕರೆ ಅಚ್ಚನ್ನು ಸವಿಯಬಹುದು. ಕಬ್ಬು, ಎಳನೀರು ಮಾತ್ರ ಬೇಡ.

ಮಿಕ್ಕ ಹಬ್ಬಗಳಲ್ಲಿ ಇಷ್ಟು ತೊಡಕಿಲ್ಲ. ಸಕ್ಕರೆಪುಡಿ ಉದುರಿಸಿದ ಚಿರೋಟಿ ನನ್ನ ಮಟ್ಟಿಗೆ ಇವರಿಗೆ ಹೇಳಿಮಾಡಿಸಿದ ಸಿಹಿ. ಮೇಲೆ ಬಾದಾಮಿ ಹಾಲು ಸುರಿದರೆ ಕೆಟ್ಟಿತು. ದ್ರಾಕ್ಷಿ, ಗೋಡಂಬಿ ಬಿಟ್ಟು ಏಲಕ್ಕಿ, ತುಪ್ಪದ ಪರಿಮಳದಲ್ಲೇ ಕಟ್ಟಿದ ರವೆ ಉಂಡೆಯೂ ಆದೀತು. ಗಣೇಶನ ಕಡುಬಿಗೆ ಕಾಯಿ ಕಮ್ಮಿ ಮಾಡಿ ಸಕ್ಕರೆ ಹಾಕಿ. ಪೇಡೆಯಂಥ ಖೋವಾ ತಿನಿಸುಗಳಲ್ಲಿ ಹಾಲು ಬತ್ತಿದಷ್ಟೂ ರಂಜಕ ಸಾಂದ್ರವಾಗಿರುತ್ತದೆ, ಅವನ್ನು ದೂರವಿಡಿ. ಪಾಯಸ, ಮಜ್ಜಿಗೆಗಳನ್ನು ದಿನದ ನೀರಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ರಂಜಕ ಹಿಡಿಯುವ ಮಾತ್ರೆ ಬರೆದುಕೊಟ್ಟಿದ್ದರೆ ಅದು ಊಟದ ಜೊತೆಗೇ ಹೊಟ್ಟೆ ಸೇರಬೇಕು. ಹಬ್ಬದ ಗಡಿಬಿಡಿಯಲ್ಲಿ ಮರೆಯುವುದು ಅದನ್ನೇ.

ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು, ಅಂದರೆ ಸುಮಾರು ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗೆ ಎಲೆಯಲ್ಲಿ ಜಾಗವಿಲ್ಲ. ಹಾಗೆಂದು ಸೋಡಿಯಂ ಕಡಿಮೆ ಇರುವ ಉಪ್ಪು ತಂದೀರಿ ಜೋಕೆ! ಅವುಗಳಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ.

ಕರಾವಳಿ, ಮಲೆನಾಡಿನ ಮನೆಗಳಿಗೆ ಒಂದು ಮಾತು ಒತ್ತಿ ಹೇಳಬೇಕು. ಅಡ್ಡ ಕೊಯ್ದರೆ ನಕ್ಷತ್ರದ ಹಾಗೆ ಕಾಣುವ ದಾರೆಹುಳಿ (ಕಮರಾಕ್ಷಿ) ಕಿಡ್ನಿ ರೋಗಿಗೆ ವಿಷ. ಅದರಲ್ಲಿರುವ ನಂಜು ಮಿದುಳಿಗೆ ಏರಿ ನಿಲ್ಲದ ಬಿಕ್ಕಳಿಕೆ, ಗೊಂದಲ, ಸೆಳವು ತರುತ್ತದೆ. ಜೀವ ಹೋದದ್ದೂ ಇದೆ. ಗೊಜ್ಜಾಗಲಿ, ಉಪ್ಪಿನಕಾಯಾಗಲಿ, ಒಂದು ಹೋಳೂ ಬೇಡ.

ಈ ಪಥ್ಯ ಎಲ್ಲರಿಗೂ ಒಂದೇ ಅಲ್ಲ. ಕಾಯಿಲೆಯ ಮೊದಲ ಹಂತದಲ್ಲಿದ್ದು ಪೊಟ್ಯಾಸಿಯಂ ಸರಿಯಿರುವವರು ಇಷ್ಟೆಲ್ಲ ಬಿಡಬೇಕಿಲ್ಲ. ಹಬ್ಬಕ್ಕೆ ಮುಂಚಿನ ರಕ್ತಪರೀಕ್ಷೆಯ ವರದಿ ಹಿಡಿದು ವೈದ್ಯರನ್ನೋ ಆಹಾರತಜ್ಞರನ್ನೋ ಕೇಳಿ. ಡಯಾಲಿಸಿಸ್ ದಿನವೇ ಹಬ್ಬ ಬಂದರೆ ತಪ್ಪಿಸಬೇಡಿ. ಪಾಳಿ ಬದಲಿಸಿಕೊಡುವಂತೆ ಕೇಂದ್ರದವರಿಗೆ ವಾರ ಮೊದಲೇ ಹೇಳಿಡಿ.