ಪೈಥಾನ್ ಸಮುದಾಯ ದಿನದಲ್ಲಿ ಭಾಷಾವಿದ್ವಾಂಸರ ಪಾತ್ರ: ಆನೈಮಲೈಯ ಒಂದು ಹೆಸರಿನ ನಿದರ್ಶನ

ಆನೈಮಲೈ ಬೆಟ್ಟಸಾಲಿನಲ್ಲಿ ಹುಟ್ಟಿ ಪೊಳ್ಳಾಚಿಯ ಬಯಲಿಗೆ ಇಳಿಯುವ ನದಿಯ ಹೆಸರನ್ನು ಕನ್ನಡದಲ್ಲಿ ಇಂದು ‘ಆಳಿಯಾರು’ ಎಂದು ಬರೆಯುತ್ತಾರೆ. ತಮಿಳಿನ ಬರವಣಿಗೆಯನ್ನು ಅಕ್ಷರಕ್ಕೆ ಅಕ್ಷರವಾಗಿ ಅನುಸರಿಸಿದರೆ ಅದು ‘ಆೞಿಯಾಱು’ ಆಗಬೇಕು. ಇದರ ಮೊದಲ ವ್ಯಂಜನ ರಳ, ಕೊನೆಯದು ಶಕಟರೇಫ. ಹಳಗನ್ನಡಕ್ಕೆ ಇವೆರಡೂ ಸ್ವಂತ ಅಕ್ಷರಗಳೇ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ ಕುಳಗಳ ಭೇದವನ್ನು ಚರ್ಚಿಸಿದ್ದಾನೆ. ಹೊಸಗನ್ನಡದ ಬಳಕೆಯಿಂದ ಅವು ತಪ್ಪಿಹೋಗಿದ್ದರೂ ಆನೈಮಲೈ ಪರಿಸರದ ಸ್ಥಳನಾಮಗಳನ್ನೂ ಅಲ್ಲಿನ ಭಾಷೆಗಳ ಪದಗಳನ್ನೂ ಕನ್ನಡ ಲಿಪಿಯಲ್ಲಿ ದಾಖಲಿಸುವವರಿಗೆ ಇಂದಿಗೂ ಬೇಕಾಗುತ್ತವೆ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಗೆ ಹರಡಿರುವ ಈ ಬೆಟ್ಟಗಳಲ್ಲಿ ಕಾಡರ್, ಮುದುವರ್, ಮಲಸರ್, ಮಲೈ ಮಲಸರ್, ಎರವಳ್ಳರ್, ಪುಲಯರ್ ಸಮುದಾಯಗಳು ನೆಲೆಸಿವೆ. ಕೆಳಗಿನ ಬಯಲಿನಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ದೇವಾಂಗ ಮತ್ತು ಒಕ್ಕಲಿಗ ಕುಟುಂಬಗಳಿವೆ. ಈ ನಂಟು ಹಳೆಯದು; 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಇಂತಹ ಪ್ರದೇಶದ ಪದಪಟ್ಟಿ ಗಣಕಕ್ಕೆ ಸೇರಿದಾಗ ಅದಕ್ಕೆ ಏನಾಗುತ್ತದೆ ಎಂಬುದು ಭಾಷಾವಿದ್ವಾಂಸರೂ ಕೇಳಬೇಕಾದ ಪ್ರಶ್ನೆ.

ಗಣಕದ ಕಣ್ಣಿನಲ್ಲಿ ಒಂದು ಹೆಸರು

ಭಾಷಾಸಾಮಗ್ರಿಯನ್ನು ಎಣಿಸಲು, ವಿಂಗಡಿಸಲು, ಅಕಾರಾದಿಗೊಳಿಸಲು ಸಂಶೋಧಕರು ಇಂದು ಹೆಚ್ಚಾಗಿ ಬಳಸುವ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪೈಥಾನ್ ಮುಖ್ಯವಾದುದು. 2008ರ ಡಿಸೆಂಬರಿನಲ್ಲಿ ಬಂದ ಅದರ ಮೂರನೆಯ ಆವೃತ್ತಿಯಲ್ಲಿ ಪಠ್ಯವೆಂದರೆ ಯುನಿಕೋಡ್ ಪಠ್ಯವೇ ಎಂಬ ನಿಯಮ ನೆಲೆಗೊಂಡಿತು. ಕನ್ನಡಕ್ಕೆ ಇದರಿಂದ ದೊಡ್ಡ ಅನುಕೂಲವಾಯಿತು. ಆದರೂ ‘ಆೞಿಯಾಱು’ ಎಂಬ ಒಂದೇ ಹೆಸರನ್ನು ಅದಕ್ಕೆ ಒಪ್ಪಿಸಿ ನೋಡಿದರೆ ಗಮನಿಸಬೇಕಾದ ಮೂರು ಸಂಗತಿಗಳು ಕಾಣುತ್ತವೆ.

ಮೊದಲನೆಯದು ಉದ್ದ. ಓದುಗರ ಕಣ್ಣಿಗೆ ಇದು ನಾಲ್ಕು ಅಕ್ಷರಗಳ ಪದ. ಪೈಥಾನ್ ಏಳು ಎಂದು ಎಣಿಸುತ್ತದೆ. ಯುನಿಕೋಡಿನಲ್ಲಿ ವ್ಯಂಜನಕ್ಕೆ ಒಂದು ಸಂಕೇತ, ಅದಕ್ಕೆ ಹತ್ತುವ ಸ್ವರಚಿಹ್ನೆಗೆ ಇನ್ನೊಂದು ಸಂಕೇತ ಇರುವುದೇ ಇದಕ್ಕೆ ಕಾರಣ. ಇದು ದೋಷವಲ್ಲ. ಆದರೆ ಛಂದಸ್ಸನ್ನೋ ಅಕ್ಷರಗಳ ಆವರ್ತನೆಯನ್ನೋ ಲೆಕ್ಕ ಹಾಕುವವರು ಇದನ್ನರಿಯದಿದ್ದರೆ ಫಲಿತಾಂಶವೆಲ್ಲ ತಪ್ಪಾಗುತ್ತದೆ.

ಎರಡನೆಯದು ಹೆಸರು. ಯುನಿಕೋಡಿನ ಪ್ರತಿಯೊಂದು ಸಂಕೇತಕ್ಕೂ ಒಂದು ಅಧಿಕೃತ ಇಂಗ್ಲಿಷ್ ಹೆಸರಿದೆ. ೞಕಾರದ ಹೆಸರೇನೆಂದು ಪೈಥಾನನ್ನು ಕೇಳಿದರೆ ‘ಕನ್ನಡ ಲೆಟರ್ ಫ’ ಎಂಬ ಉತ್ತರ ಬರುತ್ತದೆ. ಇದು ಪೈಥಾನಿನ ತಪ್ಪಲ್ಲ. ಯುನಿಕೋಡ್ ಪಟ್ಟಿಯಲ್ಲೇ ನಡೆದ ತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಾಯಿಸಬಾರದೆಂಬ ಸ್ಥಿರತಾ ನಿಯಮವಿರುವುದರಿಂದ ಅದನ್ನು ಅಳಿಸಲಾಗಿಲ್ಲ. ‘ಳ್ಳಳ’ ಎಂದು ಓದಬಹುದಾದ ಒಂದು ಪರ್ಯಾಯ ನಾಮವನ್ನು ಜೊತೆಗೆ ಸೇರಿಸಲಾಗಿದೆ. ಪೈಥಾನ್ 3.3ರಿಂದ ಆ ಪರ್ಯಾಯ ನಾಮದ ಮೂಲಕವೂ ಅಕ್ಷರವನ್ನು ಹುಡುಕಬಹುದು. ಆದರೆ ಅಕ್ಷರದ ಹೆಸರನ್ನು ಕೇಳಿದಾಗ ಬರುವ ಉತ್ತರ ಹಳೆಯದೇ. ಹಳಗನ್ನಡ ಓದಿದ ಯಾರೊಬ್ಬರಾದರೂ ಆ ಪಟ್ಟಿಯನ್ನು ಸಕಾಲದಲ್ಲಿ ನೋಡಿದ್ದರೆ ಒಂದೇ ಸಾಲಿನಲ್ಲಿ ಸರಿಪಡಿಸಬಹುದಾಗಿದ್ದ ತಪ್ಪು ಹೀಗೆ ಶಾಶ್ವತವಾಯಿತು.

ಮೂರನೆಯದು ಪದದ ಎಲ್ಲೆ. ಹಾನಿ ಹೆಚ್ಚು ಇರುವುದು ಇಲ್ಲಿ. ಪಠ್ಯದಿಂದ ಪದಗಳನ್ನು ಹೆಕ್ಕಲು ಬಳಸುವ ಪೈಥಾನಿನ ಮೂಲ ಶೋಧಸಾಧನವು ಅಕ್ಷರ, ಅಂಕೆ ಮತ್ತು ಅಡಿಗೆರೆಗಳನ್ನು ಮಾತ್ರ ಪದದ ಭಾಗವೆಂದು ಪರಿಗಣಿಸುತ್ತದೆ. ಸ್ವರಚಿಹ್ನೆಗಳನ್ನೂ ವಿರಾಮಚಿಹ್ನೆಯಾದ ‘್’ ಅನ್ನೂ ಹೊರಗಿಡುತ್ತದೆ. ಪರಿಣಾಮವಾಗಿ ‘ಕನ್ನಡ’ ಎಂಬ ಪದ ‘ಕನ’, ‘ನಡ’ ಎಂದು ಎರಡಾಗುತ್ತದೆ. ‘ಆೞಿಯಾಱು’ ಎಂಬುದು ‘ಆೞ’, ‘ಯ’, ‘ಱ’ ಎಂಬ ಮೂರು ಚೂರುಗಳಾಗುತ್ತದೆ. ಈ ತೊಡಕು ಪೈಥಾನಿನ ದೋಷಪಟ್ಟಿಯಲ್ಲಿ ದಶಕಕ್ಕೂ ಹಿಂದೆಯೇ ದಾಖಲಾಗಿದೆ. ‘ರೆಜೆಕ್ಸ್’ ಎಂಬ ಹೊರಗಿನ ಸಾಧನವನ್ನು ಅಳವಡಿಸಿಕೊಂಡರೆ ಪದ ಇಡಿಯಾಗಿ ದೊರೆಯುತ್ತದೆ. ಆದರೆ ಆ ಸಾಧನ ಬೇಕೆಂಬುದು ತಿಳಿಯಬೇಕಾದರೆ ಪದ ಒಡೆದಿದೆ ಎಂಬುದು ಮೊದಲು ಕಣ್ಣಿಗೆ ಬೀಳಬೇಕು.

ಕೋಟ್ಯಂತರ ಪದಗಳ ಪಠ್ಯಕೋಶವುಳ್ಳ ಭಾಷೆಯಲ್ಲಿ ಇಂತಹ ತಪ್ಪನ್ನು ಯಾರಾದರೂ ಬೇಗ ಗುರುತಿಸುತ್ತಾರೆ. ಒಂದೆರಡು ಸಾವಿರ ಪದಗಳ ಪಟ್ಟಿಯೇ ಸರ್ವಸ್ವವಾಗಿರುವ ಭಾಷೆಯಲ್ಲಿ ಆ ಚೂರುಗಳೇ ಪದಗಳೆಂಬ ಭ್ರಮೆಯುಂಟಾಗಿ ಮುಂದಿನ ನಿಘಂಟಿಗೂ ದಾಟಬಹುದು.

ಸಮುದಾಯ ದಿನವೆಂದರೇನು

ಈ ತಪ್ಪುಗಳನ್ನು ತಿದ್ದಬಲ್ಲವರು ಒಂದೆಡೆ ಕೂಡುವ ಸಂದರ್ಭವೇ ತಂತ್ರಾಂಶ ರಚನೆಗಾರರ ಸಮುದಾಯ ದಿನ. ಭಾರತದ ಪೈಥಾನ್ ಬಳಕೆದಾರರ ರಾಷ್ಟ್ರೀಯ ಸಮಾವೇಶವಾದ ಪೈಕಾನ್ ಇಂಡಿಯಾ 2009ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೊದಲ ಬಾರಿಗೆ ನಡೆಯಿತು. ನಗರಮಟ್ಟದ ಚಿಕ್ಕ ಕೂಟಗಳೂ ಅದೇ ಮಾದರಿಯಲ್ಲಿ ಸಾಗುತ್ತವೆ. ವಿದ್ವತ್ ಸಂಕಿರಣಕ್ಕಿಂತ ಇವುಗಳ ಸ್ವರೂಪ ಬೇರೆ. ನಿಗದಿತ ಉಪನ್ಯಾಸಗಳ ಜೊತೆಗೆ ಕೈಯಾರೆ ಕಲಿಯುವ ಕಮ್ಮಟ, ಯಾರು ಬೇಕಾದರೂ ಐದು ನಿಮಿಷ ಮಾತನಾಡಬಹುದಾದ ಕಿರುಭಾಷಣ, ಸಮಾನಾಸಕ್ತರು ಮೂಲೆಯೊಂದರಲ್ಲಿ ಕೂತು ನಡೆಸುವ ಮುಕ್ತ ಚರ್ಚೆ, ಕೆಲವರು ಸೇರಿ ಒಂದು ತಂತ್ರಾಂಶವನ್ನು ಅಲ್ಲೇ ತಿದ್ದುವ ‘ಸ್ಪ್ರಿಂಟ್’ ಇರುತ್ತವೆ. ಭಾಷಾವಿದ್ವಾಂಸರಿಗೆ ಕೊನೆಯ ಎರಡೇ ಹೆಚ್ಚು ಫಲಕಾರಿ.

ಭಾಷೆ ಮತ್ತು ತಂತ್ರಾಂಶ ಒಂದೇ ಆವರಣದಲ್ಲಿ ಕೂಡಿದ ನಿದರ್ಶನ ಕೊಯಮತ್ತೂರಿನಲ್ಲೇ ಇದೆ. 2010ರ ಜೂನ್ 23ರಿಂದ 27ರವರೆಗೆ ಅಲ್ಲಿ ನಡೆದ ವಿಶ್ವ ಶಾಸ್ತ್ರೀಯ ತಮಿಳು ಸಮ್ಮೇಳನದ ಜೊತೆಯಲ್ಲಿಯೇ ತಮಿಳು ಅಂತರಜಾಲ ಸಮ್ಮೇಳನವೂ ಜರುಗಿತು. ಆದರೆ ಅಂತಹ ವೇದಿಕೆ ರಾಜ್ಯಭಾಷೆಗೆ ತಾನಾಗಿ ದೊರೆಯುತ್ತದೆ. ಬೆಟ್ಟದ ಭಾಷೆಗಳ ಪರವಾಗಿಯೂ ಗಡಿಯಾಚೆಯ ಕನ್ನಡದ ಪರವಾಗಿಯೂ ಅವನ್ನು ಬಲ್ಲವರೇ ತಾವಾಗಿ ಹೋಗಬೇಕು.

ಒಯ್ಯಬೇಕಾದುದು

ಅಂತಹ ದಿನಕ್ಕೆ ಹೋಗುವವರು ದೂರಿನ ಬದಲು ಪುರಾವೆಯನ್ನು ಒಯ್ಯುವುದು ಲೇಸು. ‘ಕನ್ನಡ ಸರಿಯಾಗಿ ಬರುವುದಿಲ್ಲ’ ಎಂಬ ಮಾತಿನಿಂದ ತಂತ್ರಜ್ಞರಿಗೆ ಪ್ರಯೋಜನವಿಲ್ಲ. ಕೊಟ್ಟ ಪದ ಯಾವುದು, ನಿರೀಕ್ಷಿಸಿದ ಫಲವೇನು, ಬಂದ ಫಲವೇನು, ಬಳಸಿದ ಆವೃತ್ತಿ ಯಾವುದು ಎಂಬ ನಾಲ್ಕು ಅಂಶಗಳು ಸಾಕು. ತೊಡಕು ಯಾರ ವ್ಯಾಪ್ತಿಗೆ ಸೇರಿದ್ದು ಎಂಬ ವಿವೇಚನೆಯೂ ಅಗತ್ಯ. ಅಕ್ಷರ ಕಾಣದೆ ಚೌಕ ಕಂಡರೆ ಸಾಮಾನ್ಯವಾಗಿ ಕೊರತೆ ಅಕ್ಷರವಿನ್ಯಾಸದ್ದು, ಅಂದರೆ ಫಾಂಟಿನದು. ಟೈಪು ಮಾಡಲು ಕೀಲಿಯೇ ಇಲ್ಲದಿದ್ದರೆ ಕೀಲಿಮಣೆಯದು. ಪದ ಒಡೆದರೆ ಶೋಧಸಾಧನದ್ದು. ಸಂಕೇತವೇ ಇಲ್ಲದಿದ್ದರೆ ಯುನಿಕೋಡಿನದು.

ಕೊನೆಯ ಬಗೆಯ ಕೊರತೆಯೂ ನೀಗಲಾರದ್ದೇನಲ್ಲ. ನಕಾರಪೊಲ್ಲು 2021ರ ಯುನಿಕೋಡ್ 14ರಲ್ಲಿ ಸೇರಿತು. ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯಲು ಬೇಕಾದ ಒಂದು ಅನುಸ್ವಾರ ಚಿಹ್ನೆ 2022ರ ಯುನಿಕೋಡ್ 15ರಲ್ಲಿ ಸೇರಿತು. ಬಳಕೆಯ ಪುರಾವೆಗಳೊಡನೆ ಸಲ್ಲಿಸಿದ ಪ್ರಸ್ತಾವಗಳಿಂದಲೇ ಇಂತಹ ಸೇರ್ಪಡೆ ಸಾಧ್ಯವಾಗುತ್ತದೆ. ಆನೈಮಲೈಯ ಉತ್ತರಕ್ಕೆ, ಪಾಲಕ್ಕಾಡು ಕಣಿವೆಯಾಚೆ, ನೀಲಗಿರಿಯ ಬಡಗ ಭಾಷೆಯ ಮೂರ್ಧನ್ಯ ಸ್ವರಗಳನ್ನು ಎಂ.ಬಿ. ಎಮೆನೊ 1939ರಲ್ಲೇ ವಿವರಿಸಿದ್ದರೂ ಅವುಗಳಿಗೆ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲ. ಯಾವ ಚಿಹ್ನೆ ಬೇಕು, ಅದು ಬೇಕೇ ಬೇಡವೇ ಎಂಬುದನ್ನು ನಿರ್ಧರಿಸಬೇಕಾದವರು ಆ ಭಾಷಿಕರು, ತಂತ್ರಜ್ಞರು ಅನಂತರದವರು.

ಇದೇ ತತ್ತ್ವ ಸಾಮಗ್ರಿಗೂ ಅನ್ವಯಿಸುತ್ತದೆ. ಮುಕ್ತ ತಂತ್ರಾಂಶದ ದೋಷಪಟ್ಟಿ ಸಾರ್ವಜನಿಕವಾದುದು. ಅಲ್ಲಿ ಬರೆದುದನ್ನು ಮರಳಿ ಪಡೆಯುವುದು ಕಷ್ಟ. ಕಾಡರ ಅಥವಾ ಮುದುವರ ಹಿರಿಯರು ನಂಬಿಕೆಯಿಂದ ಹೇಳಿದ ಕಥೆಯನ್ನೋ ಧ್ವನಿಮುದ್ರಣವನ್ನೋ ಉದಾಹರಣೆಗೆಂದು ಅಲ್ಲಿ ಸೇರಿಸುವುದು ಸಲ್ಲದು. ದೋಷವನ್ನು ತೋರಿಸಲು ನಕ್ಷೆಯಲ್ಲಿ ಎಲ್ಲರಿಗೂ ಕಾಣುವ ನದಿಯೊಂದರ ಹೆಸರು ಸಾಕು.