'ವರ್ಲ್ಡ್' ಎಂಬ ಪದ ಮತ್ತು ಯೋಹಾನನ ಲೋಕ

ದೇವರು ಲೋಕವನ್ನು ಪ್ರೀತಿಸಿದನೆಂದು ಯೋಹಾನನ ಸುವಾರ್ತೆ (3:16) ಸಾರುತ್ತದೆ; ಅದನ್ನು ಪ್ರೀತಿಸಕೂಡದೆಂದು ಯೋಹಾನನ ಮೊದಲನೆಯ ಪತ್ರಿಕೆ (2:15) ಎಚ್ಚರಿಸುತ್ತದೆ. ಇಂಗ್ಲಿಷ್ ಬೈಬಲಿನಲ್ಲಿ ಎರಡೆಡೆಯೂ ನಾವು ಕಾಣುವುದು 'ವರ್ಲ್ಡ್' ಎಂಬ ಒಂದೇ ಪದ. ಹಾಗಾದರೆ ದೇವರು ಪ್ರೀತಿಸಿದ್ದನ್ನು ನಾವು ತೊರೆಯಬೇಕೇ?

ಹಳೆಯ ಇಂಗ್ಲಿಷಿನಲ್ಲಿ ಈ ಪದವು 'ಮನುಷ್ಯ', 'ಕಾಲ' ಎಂಬರ್ಥದ ಎರಡು ಪದಗಳ ಸಮಾಸವಾಗಿದ್ದು, ಮನುಷ್ಯನ ಬಾಳುವೆಯನ್ನು ಸೂಚಿಸುತ್ತಿತ್ತು. 1611ರ ಭಾಷಾಂತರದಲ್ಲಿ ಅದು ಹಲವು ಗ್ರೀಕ್ ಪದಗಳ ಹೊರೆಯನ್ನು ಹೊತ್ತಿದೆ. ಮತ್ತಾಯ 28:20ರಲ್ಲಿ ಮೂಲಪದ 'ಐಯೋನ್', ಅಂದರೆ ಯುಗ. ಔಗುಸ್ತನ ಖಾನೇಷುಮಾರಿಯ ಪ್ರಸಂಗದಲ್ಲಿ (ಲೂಕ 2:1) 'ಒಯ್ಕುಮೆನೆ', ಅಂದರೆ ಜನವಸತಿಯುಳ್ಳ ಭೂಮಿ; ಅಲ್ಲಿ ರೋಮ್ ಸಾಮ್ರಾಜ್ಯವೇ ಉದ್ದಿಷ್ಟ. ಆದರೆ ಯೋಹಾನನ ಆ ಎರಡು ವಚನಗಳಲ್ಲಿಯೂ ಇರುವುದು 'ಕೊಸ್ಮೊಸ್'. ಕ್ರಮ, ಅಲಂಕಾರ, ವಿಶ್ವ ಇವೆಲ್ಲ ಅದರ ಅರ್ಥಗಳು.

ಆದುದರಿಂದ ಗ್ರೀಕ್ ನಿಘಂಟೊಂದೇ ಈ ತೊಡಕನ್ನು ಬಿಡಿಸದು. ನಾವು ಸಂದರ್ಭವನ್ನು ನೋಡಬೇಕು. ಪತ್ರಿಕೆಯ ಮುಂದಿನ ವಚನವು ದೇಹದ ದುರಾಸೆ, ಕಣ್ಣಿನ ದುರಾಸೆ, ಬಾಳಿನ ಅಹಂಕಾರಗಳನ್ನು ಹೆಸರಿಸುತ್ತದೆ. ನಾವು ನಿರಾಕರಿಸಬೇಕಾದದ್ದು ದೇವರಿಗೆ ಎದುರಾಗಿ ನಿಂತ ಈ ಜೀವನಕ್ರಮವನ್ನು, ಜನರನ್ನಲ್ಲ. ಅದೇ ಪತ್ರಿಕೆ (2:2) ಕ್ರಿಸ್ತನನ್ನು ಸಮಸ್ತ ಲೋಕದ ಪಾಪಕ್ಕೂ ಪ್ರಾಯಶ್ಚಿತ್ತವೆಂದು ಕರೆಯುತ್ತದೆ. 3:17ರಲ್ಲಿಯಂತೂ 'ಕೊಸ್ಮೊಸ್'ನ ಸಂಪತ್ತು ಕೊರತೆಯಲ್ಲಿರುವ ಸಹೋದರನೊಡನೆ ಹಂಚಿಕೊಳ್ಳಬೇಕಾದ ವಸ್ತುವಾಗಿದೆ.

ಕನ್ನಡದ 'ಲೋಕ'ವೂ ಇಂಥದೇ ಹೊರೆಯನ್ನು ಹೊತ್ತಿದೆ. ಲೋಕವನ್ನು ಬಿಡಿರೆಂದು ಬೋಧಿಸುವಾಗ ಯಾವ ಲೋಕವೆಂದು ನಾವು ತಿಳಿಸದಿದ್ದರೆ, ಸಭೆಯು ದುರಾಸೆಯನ್ನು ಉಳಿಸಿಕೊಂಡು ನೆರೆಯವರನ್ನು ಬಿಟ್ಟೀತು.