ಐಗುಪ್ತದ ರಾಣಿಯರ ಬೊಂಬೆಗಳು

ಬೊಂಬೆಗೆ ಸಂಸ್ಕೃತದಲ್ಲಿ ಪಾಂಚಾಲಿಕೆ, ಪುತ್ರಿಕೆ ಎಂಬ ಹೆಸರುಗಳುಂಟು. ಬಟ್ಟೆ, ದಂತ ಮೊದಲಾದುವುಗಳಿಂದ ಮಾಡಿದ ಬೊಂಬೆಗೆ ಈ ಹೆಸರುಗಳು ಸಲ್ಲುವುವೆಂದು ಅಮರಕೋಶದಿಂದ ತಿಳಿಯುತ್ತದೆ. ಪುತ್ರಿಕೆಯೆಂದರೆ ಚಿಕ್ಕ ಮಗಳು. ಅಮೆರಿಕದ ರೂತ್ ಹ್ಯಾಂಡ್ಲರ್ ಎಂಬ ಮಹಿಳೆಯು ೧೯೫೯ರಲ್ಲಿ ಮ್ಯಾಟೆಲ್ ಕಂಪೆನಿಯ ಮೂಲಕ ಹೊರತಂದ ಹನ್ನೊಂದೂವರೆ ಅಂಗುಲದ ಬೊಂಬೆಗೆ ತಮ್ಮ ಮಗಳಾದ ಬಾರ್ಬರಾಳ ಹೆಸರಿನಿಂದಲೇ ‘ಬಾರ್ಬಿ’ ಎಂದು ನಾಮಕರಣ ಮಾಡಿದರು. ಬಗೆಬಗೆಯ ಉಡುಪುಗಳನ್ನು ತೊಡಿಸಿ ನೋಡುವುದಕ್ಕೆಂದೇ ಮಾಡಿದ ಇಂತಹವುಗಳನ್ನು ಫ್ಯಾಷನ್ ಬೊಂಬೆಗಳೆನ್ನುವರು. ಇವುಗಳಲ್ಲಿ ಪ್ರಾಚೀನ ಐಗುಪ್ತದ, ಎಂದರೆ ಈಜಿಪ್ಟ್ ದೇಶದ, ವೇಷವನ್ನು ಧರಿಸಿದವುಗಳನ್ನು ಆರಿಸಿ ಕೂಡಿಡುವ ರಸಿಕರ ಹವ್ಯಾಸವೇ ನಮ್ಮ ಇಂದಿನ ವಿಷಯ.

ಐಗುಪ್ತದ ಮೇಲಣ ಈ ಮೋಹವು ಬೊಂಬೆಗಳಿಗಿಂತ ಹಳೆಯದು. ೧೭೯೮ರಲ್ಲಿ ನೆಪೋಲಿಯನ್ನನು ಸೈನ್ಯದೊಡನೆ ವಿದ್ವಾಂಸರನ್ನೂ ಆ ದೇಶಕ್ಕೆ ಕರೆದೊಯ್ದನು. ೧೮೨೨ರಲ್ಲಿ ಶಾಂಪೋಲಿಯನ್ ಎಂಬ ಫ್ರೆಂಚ್ ಪಂಡಿತನು ಅಲ್ಲಿಯ ಚಿತ್ರಲಿಪಿಯ ಮರ್ಮವನ್ನು ಬಿಡಿಸಿದನು. ೧೯೨೨ರ ನವೆಂಬರಿನಲ್ಲಿ ಹೋವರ್ಡ್ ಕಾರ್ಟರನು ತುಟಾಂಖಾಮನ್ ದೊರೆಯ ಸಮಾಧಿಯನ್ನು ಕಂಡುಹಿಡಿಯಲು, ಯೂರೋಪು ಅಮೆರಿಕಗಳ ಸ್ತ್ರೀಯರ ಉಡುಪು ಒಡವೆಗಳಲ್ಲಿ ಕಮಲ, ಜೀರುಂಡೆ, ಸರ್ಪಗಳ ಆಕೃತಿಗಳು ತುಂಬಿಹೋದುವು. ಬೊಂಬೆ ಮಾಡುವವರು ಈ ಅಭಿರುಚಿಯ ಉತ್ತರಾಧಿಕಾರಿಗಳು. ೧೯೯೦ರ ದಶಕದಲ್ಲಿ ಬಾರ್ಬಿಯು ‘ಐಗುಪ್ತದ ರಾಣಿ’ಯಾಗಿ ಬಂದಳು. ೧೯೬೩ರ ‘ಕ್ಲಿಯೋಪಾತ್ರ’ ಚಲನಚಿತ್ರದಲ್ಲಿ ನಟಿಸಿದ ಎಲಿಜಬೆತ್ ಟೇಲರ್ ಅವರ ರೂಪದ ಬೊಂಬೆಯು ೧೯೯೯ರಲ್ಲಿ ಬಂದಿತು. ೨೦೧೦ರಲ್ಲಿ ಅದೇ ಕಂಪೆನಿಯು ಆರಂಭಿಸಿದ ‘ಮಾನ್ಸ್ಟರ್ ಹೈ’ ಮಾಲೆಯಲ್ಲಿ ಕ್ಲಿಯೋ ಡಿ ನೈಲ್ ಎಂಬವಳು ಮಮ್ಮಿಯ, ಎಂದರೆ ಕೆಡದಂತೆ ಕಾಪಿಟ್ಟ ಶವದ, ಮಗಳು. ಅವಳ ಉಡುಪಿನಲ್ಲಿ ಶವಕ್ಕೆ ಸುತ್ತುವ ಬಟ್ಟೆಯ ಪಟ್ಟಿಗಳೇ ಅಲಂಕಾರವಾಗಿವೆ.

ಈ ಬೊಂಬೆಗಳು ನೋಡುವುದಕ್ಕೆ ಮನೋಹರವಾಗಿವೆ. ಅವುಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಮಕ್ಕಳು ದೂರದೇಶವೊಂದನ್ನು ಮೊದಲು ಅರಿಯುವುದು ಇಂತಹ ವಸ್ತುಗಳಿಂದಲೇ ಆದಕಾರಣ, ಅವು ಏನನ್ನು ಕಲಿಸುತ್ತವೆಯೆಂದು ವಿಚಾರಿಸುವುದು ಹಿರಿಯರ ಕರ್ತವ್ಯವಾಗಿದೆ. ಇಂತಹ ಬೊಂಬೆಗಳಲ್ಲಿ ಸಾಮಾನ್ಯವಾಗಿ ಚಿನ್ನದ ಹೊಳಪೇ ಹೆಚ್ಚು. ಐಗುಪ್ತದ ಸ್ತ್ರೀಯರಾದರೋ ಉಡುತ್ತಿದ್ದುದು ಬಹುಮಟ್ಟಿಗೆ ಬಿಳಿಯ ನಾರುಬಟ್ಟೆ. ಅಗಸೆಯ ಗಿಡದ ನಾರಿನಿಂದ ನೇಯ್ದ ಆ ಬಟ್ಟೆಗೆ ಬಣ್ಣವು ಸುಲಭವಾಗಿ ಹತ್ತುತ್ತಿರಲಿಲ್ಲ. ವರ್ಣವೈಭವವೆಲ್ಲವೂ ಕೊರಳನ್ನು ಬಳಸಿ ಹೆಗಲಿನವರೆಗೆ ಹರಡಿಕೊಳ್ಳುವ ಅಗಲವಾದ ಮಣಿಹಾರದಲ್ಲಿರುತ್ತಿತ್ತು. ಹೆಗಲ ಮೇಲೆ ಇಳಿಬೀಳುವ ಪಟ್ಟೆಪಟ್ಟೆಯ ಶಿರೋವಸ್ತ್ರವು ದೊರೆಯ ಲಾಂಛನ. ರಾಣಿಯರಿಗೆ ಹದ್ದಿನ ಆಕಾರದ ಶಿರೋಭೂಷಣವಿತ್ತು. ಚಲನಚಿತ್ರದಲ್ಲಿ ಕ್ಲಿಯೋಪಾತ್ರಳು ರೋಮ್ ನಗರವನ್ನು ಪ್ರವೇಶಿಸುವಾಗ ಧರಿಸಿರುವ ಹೊನ್ನಿನ ಉಡುಪು ಹಾಲಿವುಡ್ಡಿನ ಕಲ್ಪನೆ. ಕ್ರಿ. ಪೂ. ೩೦ರಲ್ಲಿ ಮಡಿದ ಆ ರಾಣಿಯ ವಂಶವಾದರೂ ಮ್ಯಾಸಿಡೋನಿಯದ ಗ್ರೀಕರದು.

ನಿಜವಾದ ಉಡುಪುಗಳೇ ಕೆಲವು ಉಳಿದುಬಂದಿರುವುದು ನಮ್ಮ ಭಾಗ್ಯ. ಗೀಜಾದಲ್ಲಿ ೧೯೨೭ರಲ್ಲಿ ಖುಫು ದೊರೆಯ ಕಾಲದ ಗೋರಿಯೊಂದರಲ್ಲಿ ಸುಮಾರು ಏಳು ಸಾವಿರ ಮಣಿಗಳು ದೊರೆತುವು. ಪೋಣಿಸಿದ ದಾರವು ನಶಿಸಿದ್ದರೂ ಮಣಿಗಳು ಬಿದ್ದಿದ್ದ ಕ್ರಮವನ್ನು ಹಿಡಿದು ವಿದ್ವಾಂಸರು ಬಲೆಯಂತಹ ಉಡುಪೊಂದನ್ನು ಮರಳಿ ಕೂಡಿಸಿದರು. ಅದು ಬಾಸ್ಟನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಲಂಡನ್ನಿನ ಪೆಟ್ರಿ ಸಂಗ್ರಹಾಲಯದಲ್ಲಿ ತರ್ಖಾನ್ ಎಂಬಲ್ಲಿ ದೊರೆತ ನಾರುಬಟ್ಟೆಯ ಅಂಗಿಯೊಂದುಂಟು. ೧೯೧೩ರಲ್ಲಿ ಅಗೆದು ತೆಗೆದ ಕೊಳಕು ಬಟ್ಟೆಗಳ ಗಂಟಿನಲ್ಲಿ ಅದು ಅಡಗಿದ್ದು, ೧೯೭೭ರಲ್ಲಿ ಗುರುತಿಗೆ ಬಂದಿತು. ಐದು ಸಾವಿರ ವರ್ಷಗಳಿಗೂ ಹಳೆಯದಾದ ಆ ಅಂಗಿಯ ಮೊಣಕೈಯಲ್ಲಿಯೂ ಕಂಕುಳಲ್ಲಿಯೂ ತೊಟ್ಟವರ ಮೈಯಿಂದ ಮೂಡಿದ ಸುಕ್ಕುಗಳು ಈಗಲೂ ಕಾಣುತ್ತವೆ. ಅದನ್ನು ನೂತವರು, ನೇಯ್ದವರು, ತೊಟ್ಟವರು ನಮ್ಮಂತೆಯೇ ಬಾಳಿದ ಮನುಷ್ಯರು. ಚಿನ್ನದ ಹೊಳಪಿನಲ್ಲಿ ಇವರು ಮರೆಯಾಗಬಾರದೆಂಬುದೇ ನಮ್ಮ ಕಳಕಳಿ.

ಐಗುಪ್ತದವರೂ ಸಣ್ಣ ಪ್ರತಿಮೆಗಳನ್ನು ಕೂಡಿಡುತ್ತಿದ್ದರು. ಆದರೆ ಅವು ಆಟಕ್ಕಲ್ಲ. ಪರಲೋಕದಲ್ಲಿ ಒಡೆಯನ ಬದಲಾಗಿ ಹೊಲಗೆಲಸ ಮಾಡಲೆಂದು ‘ಉಶಬ್ತಿ’ ಎಂಬ ಆಳುಬೊಂಬೆಗಳನ್ನು ಸಮಾಧಿಯಲ್ಲಿ ಇಡುತ್ತಿದ್ದರು. ತುಟಾಂಖಾಮನ್ನನೊಬ್ಬನ ಬಳಿಯಲ್ಲಿಯೇ ಇಂತಹವು ೪೧೩ ಇದ್ದುವು. ದೊರೆಯ ಪರಲೋಕಕ್ಕೂ ದುಡಿಯುವವರು ಬೇಕಾಗಿದ್ದರೆಂಬುದನ್ನು ಇವು ಸಾರುತ್ತವೆ.

ಇನ್ನು ಸಂಗ್ರಹದ ವಿಚಾರ. ಪೆಟ್ಟಿಗೆಯನ್ನು ಬಿಚ್ಚದೆ ಇಟ್ಟ ಬೊಂಬೆಗೆ ಪೇಟೆಯಲ್ಲಿ ಬೆಲೆ ಹೆಚ್ಚು. ಬಿಚ್ಚಿದರೆ ಮಗುವಿಗೆ ಸಂತೋಷ ಹೆಚ್ಚು. ಎರಡರಲ್ಲಿ ಯಾವುದು ಬೇಕೆಂಬುದನ್ನು ಕೊಳ್ಳುವಾಗಲೇ ನಿಶ್ಚಯಿಸಿಕೊಳ್ಳುವುದು ಲೇಸು. ಬಿಸಿಲು ತಾಗಿದರೆ ಉಡುಪಿನ ಬಣ್ಣವು ಮಾಸುತ್ತದೆ. ಲೋಹದ ಓಲೆಗಳನ್ನು ಬಹುಕಾಲ ತೆಗೆಯದಿದ್ದರೆ ಹಳೆಯ ಬೊಂಬೆಗಳ ಕಿವಿಯ ಸುತ್ತ ಹಸುರು ಕಲೆ ಹತ್ತುತ್ತದೆ. ಚಿನ್ನದ ಲೇಪವು ಮಡಿಕೆಗಳಲ್ಲಿ ಉದುರಿಹೋಗಬಹುದಾದ್ದರಿಂದ ಉಡುಪನ್ನು ಒತ್ತಿ ಮಡಿಸಬಾರದು. ತೇವವೂ ಬಿಸಿಯೂ ಇಲ್ಲದ ಬೀರುವಿನಲ್ಲಿ ಇಡುವುದು ಉತ್ತಮ.

ಇದಕ್ಕಿಂತ ಮುಖ್ಯವಾದ ಮಾತೊಂದುಂಟು. ಸಂಗ್ರಹದ ಜೊತೆಗೆ ಒಂದು ನೋಟುಪುಸ್ತಕವಿರಲಿ. ಒಂದೊಂದು ಬೊಂಬೆಗೂ ಒಂದೊಂದು ಪುಟವನ್ನು ಮೀಸಲಿಟ್ಟು, ಅದರ ವೇಷದಲ್ಲಿ ಸಮಾಧಿಗಳಿಂದ ಬಂದುದಾವುದು, ಚಲನಚಿತ್ರದಿಂದ ಬಂದುದಾವುದು, ಬೊಂಬೆಗಾರರು ತಾವಾಗಿ ಸೇರಿಸಿದ್ದಾವುದು ಎಂಬುದನ್ನು ಮೂರು ಸಾಲುಗಳಾಗಿ ಬರೆಯತಕ್ಕದ್ದು. ವಸ್ತುಸಂಗ್ರಹಾಲಯಗಳ ಚಿತ್ರಗಳು ಈಗ ಮನೆಯಲ್ಲಿಯೇ ನೋಡಲು ದೊರೆಯುವುದರಿಂದ ಹತ್ತು ವರ್ಷದ ಮಗುವೂ ತಾಯಿಯೊಡನೆ ಕುಳಿತು ಇದನ್ನು ಮಾಡಬಹುದು. ಒಂದೇ ಬೊಂಬೆಯಿರುವ ಮನೆಯಲ್ಲಿಯೂ ಇದು ಸಾಧ್ಯ. ನಮ್ಮ ಸೋದರಿಯರು ಈ ರಜೆಯ ದಿನಗಳಲ್ಲಿ ಮೊದಲನೆಯ ಪುಟವನ್ನು ಮಕ್ಕಳ ಕೈಯಿಂದಲೇ ಬರೆಯಿಸುವರೆಂದು ನಂಬಿದ್ದೇವೆ.